ಬಾಗಿಲಾಚೆ ನಿಂತ ವರ್ಷ

ಆ ಊರಿಗೆ ಇದ್ದದ್ದು ಒಂದೇ ಬಾಗಿಲು. ದನ ಮೇಯಲು ಹೋಗುವುದೂ ಅದರಿಂದಲೇ, ಮದುವೆಯ ದಿಬ್ಬಣ ಬರುವುದೂ ಅದರಿಂದಲೇ, ಹೆಣ ಹೊರಡುವುದೂ ಅದರಿಂದಲೇ. ಹೊಸ ವರ್ಷ ಬರಬೇಕಾದರೂ ಅದೇ ಬಾಗಿಲಿನಿಂದ ಬರಬೇಕು. ಬೇರೆ ಊರುಗಳಲ್ಲಿ ವರ್ಷವೆಂಬುದು ಗಾಳಿ ಬಂದ ಹಾಗೆ ಬರುತ್ತದಂತೆ, ಯಾರನ್ನೂ ಏನನ್ನೂ ಕೇಳುವುದಿಲ್ಲವಂತೆ. ಈ ಊರಿನಲ್ಲಿ ಹಾಗಲ್ಲ. ಇಲ್ಲಿ ವರ್ಷ ಬಾಗಿಲ ಹೊರಗೆ ನಿಂತು ಒಬ್ಬೊಬ್ಬರನ್ನೂ ಕೇಳುತ್ತದೆ. ಊರಿನ ಕೊನೆಯ ಮನುಷ್ಯ ಉತ್ತರ ಕೊಟ್ಟ ಮೇಲೆಯೇ ಒಳಗೆ ಕಾಲಿಡುತ್ತದೆ.

ಹಳೆಯ ವರ್ಷದ ಕೊನೆಯ ಸಂಜೆ ಹೊತ್ತು ಕೋಟೆಗೋಡೆಯ ಮೇಲೆ ಬಂದು ಕೂತಾಗ, ಬಾಗಿಲು ಕಾಯುವವನು ಅಗುಳಿ ಹಾಕಿ ತಮಟೆ ಬಡಿಯುತ್ತಿದ್ದ. ಊರವರು ಮೈ ತೊಳೆದು, ಮಡಿಯುಟ್ಟು ಸಾಲಾಗಿ ಬರುತ್ತಿದ್ದರು. ಬಾಗಿಲಲ್ಲಿ ಎದೆಮಟ್ಟಕ್ಕೆ ಒಂದು ಕಿಂಡಿ. ಬಗ್ಗಿ ಮುಖವಿಟ್ಟರೆ ಆಚೆ ಬರೀ ಕತ್ತಲು. ಕತ್ತಲೊಳಗಿಂದ ಒಂದು ದನಿ.

“ನನ್ನನ್ನ ಯಾತಕ್ಕೆ ಕರೀತೀಯ?”

ಬಗ್ಗಿದವರು ತಮ್ಮ ಸಂಕಲ್ಪ ಹೇಳುತ್ತಿದ್ದರು.

“ಆಗಲಿ,” ಎನ್ನುತ್ತಿತ್ತು ದನಿ.

ಬಾಗಿಲು ಕಾಯುವವನು ಹಣೆಗೊಂದು ಅರಿಶಿನದ ಬೊಟ್ಟು ಇಡುತ್ತಿದ್ದ. ಬೊಟ್ಟು ಇಡಿಸಿಕೊಂಡವರು ಪಕ್ಕಕ್ಕೆ ಸರಿದರೆ ಮುಂದಿನವರು ಬಗ್ಗುತ್ತಿದ್ದರು. ಯಾತಕ್ಕೆ ಕರೀತೀಯ, ಇಂಥದಕ್ಕೆ ಕರೀತೀನಿ, ಆಗಲಿ. ಯಾತಕ್ಕೆ ಕರೀತೀಯ, ಇಂಥದಕ್ಕೆ ಕರೀತೀನಿ, ಆಗಲಿ. ಸಾಲು ಮುಗಿದಾಗ ಅಗುಳಿ ತಾನೇ ಸರಿಯುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಜನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಮೊದಮೊದಲು ಸಂಕಲ್ಪಗಳು ಸಣ್ಣವಿದ್ದವಂತೆ. ಹರಿದ ಚಾಪೆ ಹೊಲಿಯುತ್ತೇನೆ, ಕರುವಿಗೆ ಕೊಟ್ಟಿಗೆ ಕಟ್ಟುತ್ತೇನೆ, ಹೀಗೆ. ಆದರೆ ಹಿಂದೆ ನಿಂತವರಿಗೆ ಮುಂದಿನವರು ಹೇಳಿದ್ದು ಕೇಳಿಸುತ್ತದೆ. ಹತ್ತು ಜನ ಕೇಳುತ್ತಾರೆಂದ ಮೇಲೆ ಚಾಪೆ ಹೊಲಿಯುತ್ತೇನೆ ಅಂತ ಯಾರಾದರೂ ಹೇಳುತ್ತಾರೆಯೇ? ಚಾಪೆ ಹೋಗಿ ಮಂಚವಾಯಿತು, ಮಂಚ ಹೋಗಿ ಮಹಡಿಯಾಯಿತು. ಒಬ್ಬ ಹಿತ್ತಲಲ್ಲಿ ಬಾವಿ ತೋಡಿ ಊರಿಗೆಲ್ಲ ನೀರು ಕೊಡುತ್ತೇನೆಂದು ಮದುವೆಯಾದ ವರ್ಷ ಹೇಳಿದ. ಮೊಮ್ಮಕ್ಕಳು ಬಂದರೂ ಅದನ್ನೇ ಹೇಳುತ್ತಿದ್ದ. ಅವನ ಹೆಂಡತಿ ಊರ ತುದಿಯ ಬಾವಿಯಿಂದಲೇ ಕೊಡ ಹೊರುತ್ತಿದ್ದಳು. ಅಣ್ಣನೊಂದಿಗೆ ಮಾತಾಡುತ್ತೇನೆಂದು ಒಬ್ಬ ತಮ್ಮ ಹೇಳುತ್ತಿದ್ದ. ಅವನ ಹಿಂದೆಯೇ ನಿಂತ ಅಣ್ಣ, ತಮ್ಮನೊಂದಿಗೆ ಮಾತಾಡುತ್ತೇನೆ ಎನ್ನುತ್ತಿದ್ದ. ಇಬ್ಬರೂ ಬೊಟ್ಟು ಇಡಿಸಿಕೊಂಡು ಬೇರೆ ಬೇರೆ ಓಣಿಯಲ್ಲಿ ಮನೆಗೆ ಹೋಗುತ್ತಿದ್ದರು. ಹೋದ ವರ್ಷ ಹೇಳಿದ್ದು ಏನಾಯಿತೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೇಳುವವರಿಗೆ ನಾಚಿಕೆ ಇರಲಿಲ್ಲ, ಆಗಲಿ ಎನ್ನುವ ವರ್ಷಕ್ಕೂ ಇದ್ದ ಹಾಗೆ ಕಾಣಲಿಲ್ಲ.

ಊರಿನ ಸೂಲಗಿತ್ತಿಯದೂ ಒಂದು ಸಂಕಲ್ಪವಿತ್ತು. ಪ್ರತಿ ವರ್ಷ ಬಗ್ಗಿ, “ಸಿಟ್ಟು ಬಿಡ್ತೀನಿ,” ಎನ್ನುತ್ತಿದ್ದಳು. ಬಾಗಿಲು ಕಾಯುವವನು ನಗು ತಡೆಯಲಾರದೆ ಕೆಮ್ಮುತ್ತಿದ್ದ. ಅವಳು ತಿರುಗಿ ಅವನನ್ನು ಒಂದು ನೋಟ ನೋಡುತ್ತಿದ್ದಳು. ಅಲ್ಲಿಗೆ ಆ ವರ್ಷದ ಸಂಕಲ್ಪ ಮುಗಿಯುತ್ತಿತ್ತು.

ಈ ವರ್ಷವೂ ಎಲ್ಲ ಹಾಗೆಯೇ ನಡೆಯಿತು. ತಮಟೆ, ಸಾಲು, ಕಿಂಡಿ, ಆಗಲಿ, ಬೊಟ್ಟು. ಸಾಲು ಮುಗಿಯಿತು. ಜನ ಬೇವುಬೆಲ್ಲದ ಬಟ್ಟಲು ಹಿಡಿದು ಕಾದರು. ಅಗುಳಿ ಸರಿಯಲಿಲ್ಲ.

ಬಾಗಿಲು ಕಾಯುವವನು ಕಿಂಡಿಗೆ ಕಿವಿಯಿಟ್ಟು ಕೇಳಿ, ಜನರ ಕಡೆ ತಿರುಗಿದ. “ಒಬ್ಬರು ಬಾಕಿ ಅಂತೆ.”

ಜನ ಒಬ್ಬರ ಹಣೆ ಒಬ್ಬರು ನೋಡಿಕೊಂಡರು. ಎಲ್ಲರ ಹಣೆಯಲ್ಲೂ ಬೊಟ್ಟಿತ್ತು. ಹಾಗಾದರೆ ಬಾರದವರು ಯಾರು? ಸೂಲಗಿತ್ತಿಯ ಮಗಳು ಬಂದಿಲ್ಲವಲ್ಲ ಎಂದಳು ಒಬ್ಬಳು. ಬಂದಿದ್ದಾಳೆ, ನೋವು ಶುರುವಾದದ್ದರಿಂದ ಎಲ್ಲರಿಗಿಂತ ಮೊದಲೇ ಬಂದು ಹೇಳಿ ಹೋದಳು ಎಂದ ಬಾಗಿಲು ಕಾಯುವವನು. ಆಗ ಎಲ್ಲರೂ ಒಟ್ಟಿಗೆ ಸೂಲಗಿತ್ತಿಯ ಕಡೆ ನೋಡಿದರು. ಅವಳಿಗೆ ಆಗಲೇ ಹೊಳೆದಿತ್ತು. ಹೊಳೆದ ಕೂಡಲೇ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರಿತ್ತು.

ಬಾಕಿ ಉಳಿದವನು ಅವಳ ಅಳಿಯ.

ಮಗಳದು ಚೊಚ್ಚಲ ಬಸಿರು, ಅದೇ ಊರಿನ ಇನ್ನೊಂದು ಓಣಿಯ ಗಂಡನ ಮನೆಯಿಂದ ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಅವಳ ಹಿಂದೆ ಅಳಿಯನೂ ಒಂದು ಹೊರೆ ಗೂಟ, ಒಂದು ಉಂಡೆ ದಾರ ತಗೊಂಡು ಬಂದಿದ್ದ. ಅಳಿಯನೆಂದರೆ ಮನೆಯ ದೇವರು. ಅವನಿಗೆ ಗದರುವಂತಿಲ್ಲ, ಏಕವಚನದಲ್ಲಿ ಕರೆಯುವಂತಿಲ್ಲ, ತಟ್ಟೆಯಲ್ಲಿ ತುಪ್ಪ ಕಡಿಮೆಯಾಗುವಂತಿಲ್ಲ. ಊರಿನ ಗೌಡನಿಗೂ ಹೆದರದ ಸೂಲಗಿತ್ತಿ ಆ ಹುಡುಗನ ಮುಂದೆ ಸೆರಗು ಸರಿಮಾಡಿಕೊಂಡು ನಿಲ್ಲಬೇಕಾಗಿತ್ತು. ಅವಳ ಸಿಟ್ಟಿನಲ್ಲಿ ಅರ್ಧ ಅದರದೇ ಸಿಟ್ಟು.

ಅವಳು ಬಿರಬಿರನೆ ಮನೆಗೆ ಬಂದಳು. ಒಳಗೆ ಮಗಳು ಪಕ್ಕದ ಮನೆಯವಳ ಕೈ ಹಿಡಿದು ನರಳುತ್ತಿದ್ದಳು. ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಗೂಟ, ಗೂಟದಿಂದ ಗೂಟಕ್ಕೆ ದಾರ, ದಾರದ ಅಡಿಯಲ್ಲಿ ರಂಗೋಲಿ ಹುಡಿಯ ಗೆರೆ. ಗೆರೆಯ ನಡುವೆ ಅಳಿಯ ಮಂಡಿಯೂರಿ ಕೂತಿದ್ದ.

“ಏನಿದು ಅಳಿಯಂದಿರೇ?”

“ಕೂಸಿನ ಬಾಳು, ಅತ್ತೆ.” ಅವನು ಸಂತೋಷದಿಂದ ತಲೆ ಎತ್ತಿದ. “ಮನೆ ಕಟ್ಟೋಕೆ ಮುಂಚೆ ಪಾಯಕ್ಕೆ ಗುರುತು ಹಾಕಲ್ವಾ, ಹಾಗೆ. ನೋಡಿ, ಇಲ್ಲಿ ಹುಟ್ಟುತ್ತೆ. ಇಲ್ಲಿ ಅಂಬೆಗಾಲು. ಇಲ್ಲಿ ಮೊದಲ ಮಾತು. ಈ ದಾರ ಹೀಗೆ ಹೋದರೆ ವಿದ್ಯೆ, ಹಾಗೆ ಹೋದರೆ ವ್ಯಾಪಾರ.”

“ಮದುವೆ ಎಲ್ಲಿ ಮಾಡ್ತೀರಿ?”

“ನುಗ್ಗೆಮರದ ಹತ್ರ,” ಎಂದ ಅವನು, ಅವಳು ನಿಜವಾಗಿಯೂ ಕೇಳಿದಳೆಂದುಕೊಂಡು. “ಅಲ್ಲೇ ಸ್ವಲ್ಪ ತೊಡಕಾಗಿದೆ. ಗಂಡಾದರೆ ಈ ದಾರ ಬಿಚ್ಚಬೇಕು, ಹೆಣ್ಣಾದರೆ ಆ ದಾರ. ಎರಡೂ ಬಿಚ್ಚಿದರೆ ಮೊದಲಿನ ಗೂಟ ಸಡಿಲ ಆಗುತ್ತೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ,” ಎಂದಳು ಸೂಲಗಿತ್ತಿ. “ನೀವು ಕೂಸಿನ ಮೊಮ್ಮಕ್ಕಳಿಗೂ ಕುಲಾವಿ ಹೊಲಿಸೋ ಹಾಗೆ ಕಾಣುತ್ತೆ. ಊರೆಲ್ಲ ಬಾಗಿಲ ಹತ್ರ ನಿಂತಿದೆ. ಬಂದು ಒಂದು ಮಾತು ಹೇಳಿ ಹೋಗಿ. ಏನಾದರೂ ಹೇಳಿ. ಆಗಲಿ ಅನ್ನುತ್ತೆ, ಮುಗಿದುಹೋಗುತ್ತೆ.”

ಅವನ ಮುಖ ಸಣ್ಣದಾಯಿತು. “ಏನಾದರೂ ಹೇಳಿ ಹೇಳಿಯೇ ಇಷ್ಟು ವರ್ಷ ಆಯ್ತಲ್ಲ, ಅತ್ತೆ. ಕುದುರೆ ಸಾಕ್ತೀನಿ ಅಂದೆ. ಕೊಳಲು ಕಲೀತೀನಿ ಅಂದೆ. ನಿಮ್ಮ ಮಗಳಿಗೆ ಹಿತ್ತಲಿಗೊಂದು ಚಪ್ಪರ ಹಾಕ್ತೀನಿ ಅಂದೆ. ಒಂದೂ ಆಗಲಿಲ್ಲ. ಅದೆಲ್ಲ ನನ್ನ ಸುಳ್ಳು, ನನ್ನ ಹತ್ರಾನೇ ಇರಲಿ. ಈ ಸಲ ಕೂಸಿಗಾಗಿ ಹೇಳೋದು. ಸರಿಯಾಗಿ ಲೆಕ್ಕ ಹಾಕಿ, ತಪ್ಪದ ಹಾಗೆ ಹೇಳಬೇಕು. ಇನ್ನೊಂದು ಗಳಿಗೆ.”

ಇನ್ನೊಂದು ಗಳಿಗೆ ಎಂದವನು ದಾರ ಬಿಚ್ಚಲು ಕೂತ.

ಹೊತ್ತು ಗೋಡೆಯ ಮೇಲಿಂದ ಇಳಿಯಲಿಲ್ಲ. ಜನ ಕಾದು ಕಾದು ಮನೆಗೆ ಹೋಗಿ ಮಲಗಿದರು, ಎದ್ದರು, ಅದೇ ಸಂಜೆ. ಮತ್ತೆ ಮಲಗಿ ಎದ್ದರು, ಅದೇ ಸಂಜೆ. ಗೋಡೆಯ ನೆರಳು ಬಿದ್ದ ಜಾಗದಲ್ಲೇ ಬಿದ್ದಿತ್ತು. ಹೆಪ್ಪು ಹಾಕಿದ ಹಾಲು ಮೊಸರಾಗಲಿಲ್ಲ. ನೆನೆಹಾಕಿದ ಹೆಸರುಕಾಳು ಮೊಳಕೆ ಒಡೆಯಲಿಲ್ಲ. ಕಾವಿಗೆ ಕೂತ ಕೋಳಿ ಕೂತೇ ಇತ್ತು. ಆ ಸಂಜೆಯಲ್ಲಿ ಯಾವುದೂ ಶುರುವಾಗಲಿಲ್ಲ.

ಶುರುವಾಗುವುದು ನಿಂತಿತ್ತು, ಮುಗಿಯುವುದು ನಿಲ್ಲಲಿಲ್ಲ. ದೀಪದ ಎಣ್ಣೆ ತೀರಿತು. ಕಣಜದ ರಾಗಿ ತಳ ಕಂಡಿತು. ಒಲೆಗಳು ಒಂದೊಂದಾಗಿ ಆರಿದವು, ಆರಿದ ಮೇಲೆ ಎಷ್ಟು ಊದಿದರೂ ಹೊತ್ತಲಿಲ್ಲ. ಊರಿನ ಎಲ್ಲರಿಗಿಂತ ಹಿರಿಯ ಮುದುಕ, ಹಣೆಯ ಬೊಟ್ಟು ಮಾಸುವ ಮೊದಲೇ ತೀರಿಕೊಂಡ. ಬಾಗಿಲು ಮುಚ್ಚಿತ್ತು, ಹೆಣ ಹೊರಡುವಂತಿರಲಿಲ್ಲ. ಅವನನ್ನು ಮಂಟಪದಲ್ಲಿ ಮಲಗಿಸಿ ಬಿಳಿ ಪಂಚೆ ಹೊದಿಸಿದರು.

ಪಂಚೆ ಹೊದಿಸುವಾಗ ಸೂಲಗಿತ್ತಿ ಅಲ್ಲಿದ್ದಳು. ಪಂಚೆಯ ಅಂಚು ಕೈಯಲ್ಲಿ ಹಿಡಿದೇ ಅವಳು ಮಗಳನ್ನು ನೆನೆದಳು. ಮಗಳ ನೋವು ಬರುತ್ತಿತ್ತು, ಹೋಗುತ್ತಿತ್ತು, ಒಂದು ಕೂದಲೆಳೆಯಷ್ಟೂ ಮುಂದಕ್ಕೆ ಸಾಗುತ್ತಿರಲಿಲ್ಲ. ಕೂಸು ಬರುವುದೆಂದರೆ ಶುರುವಾಗುವುದು. ಅದು ಈ ಸಂಜೆಯಲ್ಲಿ ಆಗುವಂತಿಲ್ಲ. ಮಗಳ ಜೀವ ಹೋಗುವುದೆಂದರೆ ಮುಗಿಯುವುದು. ಅದು ಯಾವಾಗ ಬೇಕಾದರೂ ಆಗಬಹುದು.

ಅವಳು ಜನರನ್ನು ಕರೆದುಕೊಂಡೇ ಹಿತ್ತಲಿಗೆ ಬಂದಳು. ಜನರೂ ಬೇಸತ್ತಿದ್ದರು, ಬಾಯಿಗೆ ಬಂದ ಹಾಗೆ ಬೈದರು. ಬೈದದ್ದು ಸಾಲದೆ, ಉಪಕಾರಕ್ಕೆಂದು ತಮ್ಮ ತಮ್ಮ ಸಂಕಲ್ಪಗಳನ್ನು ಅವನಿಗೆ ಕೊಡಲು ನೋಡಿದರು.

“ನನ್ನದು ತಗೋ, ತಮ್ಮಾ,” ಎಂದ ಬಾವಿಯವನು. “ಬಾವಿ ತೋಡ್ತೀನಿ ಅನ್ನು. ಇಷ್ಟು ವರ್ಷ ಹೇಳಿದ್ದೀನಿ, ಒಂದು ದಿನವೂ ತೊಂದರೆ ಆಗಿಲ್ಲ.”

“ತೋಡಿದ್ದೀರಾ?” ಎಂದು ಕೇಳಿದ ಅಳಿಯ.

“ತೋಡೋದಕ್ಕೂ ಹೇಳೋದಕ್ಕೂ ಏನು ಸಂಬಂಧ?” ಬಾವಿಯವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಅವನ ಹೆಂಡತಿ ಹಿಂದೆ ನಿಂತು ಮುಖ ತಿರುಗಿಸಿದಳು.

“ದಾನಧರ್ಮ ಮಾಡ್ತೀನಿ ಅನ್ನು,” ಎಂದ ಗೌಡ. “ಕೇಳೋದಕ್ಕೂ ಚೆನ್ನಾಗಿರುತ್ತೆ.”

“ಒಳ್ಳೆ ತಂದೆ ಆಗ್ತೀನಿ ಅಂತ ಹೇಳಪ್ಪ, ಸಾಕು,” ಎಂದಳು ಒಬ್ಬ ಅಜ್ಜಿ.

“ಹೇಗೆ ಆಗೋದು, ಅಜ್ಜಿ?” ಅಳಿಯ ಅವಳ ಕಡೆ ಆಸೆಯಿಂದ ನೋಡಿದ. “ಅದನ್ನೇ ನಾನೂ ಹುಡುಕ್ತಾ ಇರೋದು. ಯಾವ ಗೂಟದಿಂದ ಶುರು ಮಾಡಬೇಕು?”

ಅಜ್ಜಿ ಗೌಡನ ಕಡೆ ನೋಡಿದಳು, ಗೌಡ ಬಾವಿಯವನ ಕಡೆ ನೋಡಿದ. ಅವರು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಹೋಗುತ್ತಾ ಒಬ್ಬ ಅಂದ. ಕೋಣ ಯಾರು, ಕಿನ್ನರಿ ಯಾರದು ಎಂದು ಸೂಲಗಿತ್ತಿಗೆ ಆ ಹೊತ್ತಿಗೆ ಅನುಮಾನ ಬಂದಿತ್ತು. ಆದರೆ ಅನುಮಾನದಿಂದ ಮಗಳಿಗೆ ಹೆರಿಗೆಯಾಗುವುದಿಲ್ಲ. ಅವಳು ಸೆರಗು ಬಿಗಿದು ನೇರ ಬಾಗಿಲಿಗೆ ಹೋದಳು.

ಬಾಗಿಲು ಕಾಯುವವನು ತಮಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಅವಳು ಬಗ್ಗಿ ಕಿಂಡಿಗೆ ಮುಖವಿಟ್ಟಳು.

“ನನ್ನನ್ನ ಯಾತಕ್ಕೆ ಕರೀತೀಯ?” ಎಂದು ಕೇಳಿತು ದನಿ.

ಅವಳು ಗಂಟಲು ದಪ್ಪ ಮಾಡಿಕೊಂಡಳು. “ಒಳ್ಳೆ ತಂದೆ ಆಗೋದಕ್ಕೆ ಕರೀತೀನಿ.”

“ತಾಯಿ,” ಎಂದಿತು ದನಿ, “ನೀನು ಸಿಟ್ಟು ಬಿಡೋಳಲ್ವಾ?”

ಸೂಲಗಿತ್ತಿಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವಳಿಗೆ ಬರುತ್ತಿದ್ದುದು ಸಿಟ್ಟೇ. “ಹೌದು, ನಾನೇ. ಬಿಟ್ಟಿಲ್ಲ. ಬಿಡೋದೂ ಇಲ್ಲ. ನಿನಗೂ ಗೊತ್ತಿತ್ತು, ಆದರೂ ಪ್ರತಿ ವರ್ಷ ಆಗಲಿ ಅಂದೆ. ಬಾವಿಯವನಿಗೂ ಅಂದೆ, ಅಣ್ಣತಮ್ಮಂದಿರಿಗೂ ಅಂದೆ. ಎಲ್ಲರ ಸುಳ್ಳಿಗೂ ತಲೆ ಆಡಿಸಿ ಒಳಗೆ ಬಂದವನು, ಇವತ್ತು ಒಬ್ಬನಿಗೋಸ್ಕರ ಯಾಕೆ ಹಟ ಹಿಡಿದು ನಿಂತಿದ್ದೀಯ?”

“ಹಟ ಅಲ್ಲ, ತಾಯಿ. ಕೇಳೋದಷ್ಟೇ ನನ್ನ ಕೆಲಸ. ಏನು ಹೇಳಿದರೂ ತಗೊಂಡು ಬರ್ತೀನಿ. ಹೊರೆ ಎಲ್ಲ ಬರೀ ಹೊಟ್ಟು, ಆದರೂ ಹೊತ್ತು ಬರ್ತೀನಿ. ಅವನು ಇನ್ನೂ ಏನೂ ಹೇಳಿಲ್ಲ. ಹೇಳದೆ ಇದ್ದದ್ದನ್ನ ಹೇಗೆ ಹೊರಲಿ?” ದನಿ ದಣಿದಿತ್ತು. “ನಿಜ ಹೇಳಬೇಕಂದ್ರೆ, ಸುಳ್ಳು ಹೇಳೋಕೆ ಹೆದರಿದವನನ್ನ ನಾನು ನೋಡಿ ಬಹಳ ಕಾಲ ಆಯ್ತು.”

“ಅವನು ನಿಜ ಹುಡುಕೋ ಹೊತ್ತಿಗೆ ನನ್ನ ಮಗಳು ಇರೋದಿಲ್ಲ.”

ಅವಳು ಬಾಗಿಲಿಗೆ ಒಂದು ಗುದ್ದು ಗುದ್ದಿ ಮನೆಗೆ ಬಂದಳು. ಕೈ ನೋಯುತ್ತಿತ್ತು, ಕಣ್ಣಲ್ಲಿ ನೀರಿತ್ತು. ಹೆದರಿಕೆಯಾಗುತ್ತಿತ್ತು ಅವಳಿಗೆ. ಊರಿನ ಅರ್ಧ ಮಂದಿಯನ್ನು ಕೈಯಲ್ಲಿ ಹಿಡಿದು ಈ ಲೋಕಕ್ಕೆ ತಂದವಳು ತನ್ನ ಮಗಳ ಮುಂದೆ ಕೈ ಚೆಲ್ಲಿ ಕೂರುವ ಕಾಲ ಬಂದಿತ್ತು.

ಒಳಗೆ ಪಕ್ಕದ ಮನೆಯವಳು ತೂಕಡಿಸುತ್ತಿದ್ದಳು. ಮಗಳ ಮುಖ ಸುಣ್ಣದಂತಾಗಿತ್ತು. ಈಗ ನರಳುತ್ತಲೂ ಇರಲಿಲ್ಲ. ಸೂಲಗಿತ್ತಿ ಅವಳ ಪಾದ ಮುಟ್ಟಿದಳು. ಕಲ್ಲಿನಷ್ಟು ತಣ್ಣಗಿತ್ತು.

“ಅವ್ವಾ,” ಎಂದಳು ಮಗಳು, “ಚಳಿ ಆಗ್ತಿದೆ. ಕಾಲಿಗೆ ಒಂದಿಷ್ಟು ಬಿಸಿನೀರು ಹಾಕು.”

ಊರಿನಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಸೂಲಗಿತ್ತಿ ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಅಳಿಯ ಈಗ ನುಗ್ಗೆಮರವನ್ನು ಬಿಟ್ಟು ಅದಕ್ಕೂ ಮುಂದಿನ ಗೂಟ ಹೊಡೆಯುತ್ತಿದ್ದ. ಬಹುಶಃ ಕೂಸಿನ ಮುಪ್ಪು. ಅವಳು ಇಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಅಳಿಯ ಎಂಬ ಮರ್ಯಾದೆ ಆ ಗಳಿಗೆಯಲ್ಲಿ ಹರಿದುಹೋಯಿತು.

“ಲೋ,” ಎಂದಳು. “ಎದ್ದು ಬಾ ಇಲ್ಲಿ.”

ಅವನು ಬೆಚ್ಚಿ ಎದ್ದ. ದಾರ ಕಾಲಿಗೆ ಸಿಕ್ಕಿ ಎರಡು ಗೂಟ ಕಿತ್ತು ಬಂದವು. ಅವಳು ಅವನ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡು ಹೋಗಿ, ಅವನ ಅಂಗೈಯನ್ನು ಮಗಳ ಪಾದದ ಮೇಲೆ ಇಟ್ಟಳು.

“ಇದು ಯಾವ ಗೂಟ?” ಎಂದು ಕೇಳಿದಳು. “ನಿನ್ನ ಹಿತ್ತಲಲ್ಲಿ ಇದು ಎಲ್ಲಿದೆ, ತೋರಿಸು.”

ಅವನು ಕೈ ತೆಗೆಯಲಿಲ್ಲ. ಹೆಂಡತಿಯ ಮುಖ ನೋಡಿದ. ಈ ಸಂಜೆ ಶುರುವಾದ ಮೇಲೆ ಅವನು ಅವಳ ಮುಖ ನೋಡಿದ್ದು ಅದೇ ಮೊದಲು. ಅವಳು ಕಣ್ಣು ತೆರೆಯಲಿಲ್ಲ, “ಚಳಿ,” ಎಂದಳು ಅಷ್ಟೇ.

“ಇದು ಇಲ್ಲ, ಅತ್ತೆ,” ಎಂದ ಅವನು. “ಇದನ್ನ ನಾನು ಹಾಕೇ ಇಲ್ಲ.”

ಆಮೇಲೆ ಅವನು ಎದ್ದು ಓಡಿದ. ಸೂಲಗಿತ್ತಿ ಅವನ ಹಿಂದೆ ಓಡಿದಳು. ಓಣಿಯಲ್ಲಿ ಕೂತಿದ್ದ ಜನ ಎದ್ದು ಅವಳ ಹಿಂದೆ ಬಂದರು. ಬಾಗಿಲು ಕಾಯುವವನು ಎಚ್ಚೆತ್ತು ಗಾಬರಿಯಲ್ಲಿ ತಮಟೆ ಬಡಿದ. ಇಷ್ಟು ಹೊತ್ತು ಕಾಯಿಸಿದವನು ಎಂಥ ಸಂಕಲ್ಪ ಹೇಳುತ್ತಾನೋ ಎಂದು ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿತು. ಬೊಟ್ಟಿಲ್ಲದ ಹಣೆಯವನು ಬಗ್ಗಿದ.

“ನನ್ನನ್ನ ಯಾತಕ್ಕೆ ಕರೀತೀಯ?”

“ನನ್ನ ಹೆಂಡತಿ ಕಾಲು ತಣ್ಣಗಾಗಿದೆ,” ಎಂದ ಅವನು. “ನೀರು ಕಾಯಿಸ್ತೀನಿ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದಕ್ಕಾ ಇಷ್ಟು ಹೊತ್ತು ಕಾದದ್ದು ಎಂದು ಬಾವಿಯವನು ಹಣೆ ಚಚ್ಚಿಕೊಂಡ. ನೀರು ಕಾಯಿಸುವುದೂ ಒಂದು ಸಂಕಲ್ಪವೇ, ಊರಿನ ಮಾನ ಹೋಯಿತು ಎಂದ ಗೌಡ. ಸೂಲಗಿತ್ತಿ ಇಬ್ಬರ ಬಾಯನ್ನೂ ಮುಚ್ಚಿಸಿದಳು. ಅವಳು ಕಾಯುತ್ತಿದ್ದುದು ಒಂದೇ ಮಾತಿಗೆ, ಆಗಲಿ ಎಂಬುದಕ್ಕೆ.

ಆ ಮಾತು ಬರಲಿಲ್ಲ.

“ಯಾತರಲ್ಲಿ ಕಾಯಿಸ್ತೀಯ?” ಎಂದು ಕೇಳಿತು ದನಿ.

ವರ್ಷವೆಂಬುದು ಎರಡನೆಯ ಪ್ರಶ್ನೆ ಕೇಳಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಳಿಯ ಒಂದು ಕ್ಷಣ ಯೋಚಿಸಿದ. “ಬಚ್ಚಲಲ್ಲಿ ಹಂಡೆ ಇದೆ.”

“ನೀರು?”

“ಕೊಡದಲ್ಲಿದೆ. ನಮ್ಮತ್ತೆ ತುಂಬಿಸಿ ಇಟ್ಟಿದ್ದಾರೆ.”

“ಸೌದೆ?”

ಅವನು ತಡವರಿಸಿದ. ಊರಿನಲ್ಲಿದ್ದ ಸೌದೆಯೆಲ್ಲ ಆ ಸಂಜೆಯ ಹೊಟ್ಟೆಗೆ ಹೋಗಿತ್ತು. ಸೂಲಗಿತ್ತಿ ತುಟಿ ಕಚ್ಚಿ ನಿಂತಳು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು, ಆದರೆ ಒಬ್ಬರ ಮಾತು ಇನ್ನೊಬ್ಬರು ಹೇಳುವಂತಿರಲಿಲ್ಲ. ಅವಳು ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ.

“ಗೂಟ ಇದ್ದಾವೆ,” ಎಂದ ಅಳಿಯ ಕೊನೆಗೆ. “ಒಣಗಿದ ಗೂಟ. ಹಿತ್ತಲು ತುಂಬ ಇದ್ದಾವೆ.”

“ಎಲ್ಲಾನೂ ಕೀಳ್ತೀಯಾ?”

“ಕೀಳ್ತೀನಿ.”

“ನೀರು ಕಾದ ಮೇಲೆ?”

“ಆಮೇಲಿನದು ನನಗೆ ಗೊತ್ತಿಲ್ಲ. ಆಮೇಲೆ ಏನು ಬೇಕು ಅಂತ ಅವಳನ್ನ ಕೇಳ್ತೀನಿ.”

ಕಿಂಡಿಯಾಚೆ ಯಾರೋ ಹೊರೆ ಇಳಿಸಿದ ಸದ್ದಾಯಿತು. ಅಗುಳಿ ಕಿರುಗುಟ್ಟಿತು. ಅಳಿಯನ ಹಣೆಗೆ ಬೊಟ್ಟಿಡಲು ಬಾಗಿಲು ಕಾಯುವವನು ಕೈ ಚಾಚಿದ. ಅಷ್ಟರಲ್ಲಿ ಹಣೆಯೇ ಅಲ್ಲಿರಲಿಲ್ಲ, ಅಳಿಯ ಆಗಲೇ ಓಣಿಯ ತಿರುವಿನಲ್ಲಿದ್ದ.

ಸೂಲಗಿತ್ತಿ ಏದುಸಿರು ಬಿಡುತ್ತಾ ಮನೆಗೆ ಬಂದಾಗ ಹಿತ್ತಲಲ್ಲಿ ಗೂಟಗಳು ಕಿತ್ತು ಬೀಳುತ್ತಿದ್ದವು. ಅಂಬೆಗಾಲು ಹೋಯಿತು, ಮೊದಲ ಮಾತು ಹೋಯಿತು, ವಿದ್ಯೆ, ವ್ಯಾಪಾರ, ನುಗ್ಗೆಮರದ ಮದುವೆ, ಎಲ್ಲ ಬಚ್ಚಲ ಒಲೆಗೆ ಬಂದು ಬಿದ್ದವು. ಅವನಿಗೆ ಒಲೆ ಹೊತ್ತಿಸಲು ಬರುತ್ತಿರಲಿಲ್ಲ. ದಪ್ಪ ಗೂಟಗಳನ್ನು ಕೆಳಗಿಟ್ಟು ಸಣ್ಣದನ್ನು ಮೇಲಿಟ್ಟ. ಚಕಮಕಿ ಕಲ್ಲನ್ನು ಹಿಂದುಮುಂದಾಗಿ ಹಿಡಿದ. ಊದಿದರೆ ಬೂದಿ ಅವನ ಕಣ್ಣಿಗೇ ಬಂತು. ನೋಡುತ್ತಾ ನಿಂತ ಸೂಲಗಿತ್ತಿಗೆ ಅವನನ್ನು ತಳ್ಳಿ ತಾನೇ ಕೂರಬೇಕೆಂದು ಕೈ ತುರಿಸಿತು. ಆದರೆ ಮಾತು ಕೊಟ್ಟವನು ಅವನು, ಬೆಂಕಿಯೂ ಅವನ ಕೈಯಿಂದಲೇ ಬರಬೇಕಿತ್ತು. ಅವಳು ಬಾಯಿಗೆ ಬಂದದ್ದನ್ನೆಲ್ಲ ನುಂಗಿದಳು. ನುಂಗಿದ್ದು ಹೊಟ್ಟೆಯಲ್ಲಿ ಕುದಿಯಿತು, ಹಂಡೆಗಿಂತ ಮೊದಲೇ.

ಅವನು ಎಲ್ಲ ಗೂಟಗಳನ್ನೂ ಹೊರಗೆ ತೆಗೆದ. ಒಂದು ಗಳಿಗೆ ಸುಮ್ಮನೆ ಕೂತು ನೋಡಿದ. ಆಮೇಲೆ ದಾರದ ಉಂಡೆಯನ್ನು ಬಿಡಿಸಿ ಕೆಳಗಿಟ್ಟ, ಅದರ ಮೇಲೆ ಚಿಕ್ಕ ಸೀಳುಗಳು, ಅದರ ಮೇಲೆ ದಪ್ಪನೆಯವು. ಇದು ಇದ್ದರೆ ಇದು, ಇದಾದ ಮೇಲೆ ಅದು ಎಂದು ತನಗೆ ತಾನೇ ಗೊಣಗಿಕೊಂಡ. ಕಲ್ಲು ತಾಗಿಸಿದ. ದಾರಕ್ಕೆ ಕಿಡಿ ಹತ್ತಿತು.

ಹತ್ತಿದ ಬೆಂಕಿ ಆರಲಿಲ್ಲ. ಸೂಲಗಿತ್ತಿ ತಲೆಯೆತ್ತಿ ಗೋಡೆಯ ಕಡೆ ನೋಡಿದಳು. ಹೊತ್ತು ಕೆಳಗಿಳಿಯುತ್ತಿತ್ತು.

ಬಾಗಿಲು ತೆರೆದಾಗ ಹೊರಗೆ ಯಾರೂ ಇರಲಿಲ್ಲವೆಂದು ಆಮೇಲೆ ಜನ ಹೇಳಿದರು. ಆದರೆ ಯಾರೋ ಒಳಗೆ ಬಂದದ್ದಂತೂ ನಿಜ. ಬಾವಿಯವನ ಮನೆಯ ಬಾಗಿಲು ಬಡಿದ ಸದ್ದಾಯಿತಂತೆ. ಗುದ್ದಲಿ ಎಲ್ಲಿದೆ ಎಂದು ದನಿ ಕೇಳಿತಂತೆ. ಬಾವಿಯವನು ಮಂಚದ ಕೆಳಗೆ ಸೇರಿಕೊಂಡನಂತೆ, ಅವನ ಹೆಂಡತಿಯೇ ಕೊಡ ಕೆಳಗಿಟ್ಟು ಬಂದು, “ಅಟ್ಟದ ಮೇಲಿದೆ, ತೆಗೆಸಿಕೊಡ್ತೀನಿ,” ಎಂದಳಂತೆ. ಗೌಡನನ್ನು ಎಷ್ಟು ದಾನ, ಯಾರಿಗೆ, ಯಾವತ್ತು ಎಂದು ಕೇಳಿತಂತೆ, ಗೌಡನಿಗೆ ಜ್ವರ ಬಂತಂತೆ. ಮುದುಕನ ಹೆಣ ಮಂಟಪದಿಂದ ಮರ್ಯಾದೆಯಾಗಿ ಹೊರಟಿತು. ಮನೆಮನೆಯಲ್ಲಿ ಹಾಲು ಗಟ್ಟಿಯಾಗತೊಡಗಿತು.

ಅದೆಲ್ಲ ಸೂಲಗಿತ್ತಿಗೆ ಆಮೇಲೆ ಗೊತ್ತಾದದ್ದು. ಅವಳು ಆ ಹೊತ್ತಿಗೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮಗಳ ಕಾಲಿಗೆ ಸುತ್ತುತ್ತಿದ್ದಳು. ಪಾದಕ್ಕೆ ಬಣ್ಣ ಬಂತು. ಮಗಳು ನರಳಿದಳು. ಆ ನರಳಿಕೆ ಕೇಳಿ ತಾಯಿಗೆ ಹೋದ ಜೀವ ಬಂದ ಹಾಗಾಯಿತು, ಏಕೆಂದರೆ ಅದು ಹಳೆಯ ನರಳಿಕೆಯಲ್ಲ, ಮುಂದಕ್ಕೆ ಸಾಗುವ ನರಳಿಕೆ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕೂಸು ಅವಳ ಕೈಗೆ ಬಂದು ಬಿತ್ತು. ಹೆಣ್ಣು. ಬಂದ ಕೂಡಲೇ ಊರು ಹಾರಿಹೋಗುವಂತೆ ಕಿರುಚಿತು. ಅಜ್ಜಿಯದೇ ಗಂಟಲು ಎಂದಳು ಪಕ್ಕದ ಮನೆಯವಳು.

ಮಗಳು ಅಳುತ್ತಾ ನಗುತ್ತಾ ಕಣ್ಣು ತೆರೆದಳು. ಸೂಲಗಿತ್ತಿ ಕೂಸಿನ ನೆತ್ತಿ ಮೂಸಿ, ಕಣ್ಣೊರೆಸಿಕೊಂಡು, ಹಳೆ ಸೀರೆಯಲ್ಲಿ ಸುತ್ತಿ, ಎರೆಯಲು ಬಚ್ಚಲಿಗೆ ತಂದಳು. ಅಳಿಯ ಒಲೆಯ ಮುಂದೆ ಮಸಿ ಮುಖದಲ್ಲಿ ಕೂತಿದ್ದ. ಹಂಡೆ ಕೊತಕೊತ ಕುದಿಯುತ್ತಿತ್ತು. ಅವನು ಕೂಸನ್ನು ನೋಡಿದ, ಮಸಿಯ ಕೈಯನ್ನು ಪಂಚೆಗೆ ಒರೆಸಿಕೊಂಡ.

“ಕುದಿಯೋ ನೀರು ಕೂಸಿನ ಮೈಗೆ ಹುಯ್ಯೋಕೆ ಆಗಲ್ಲ,” ಎಂದಳು ಸೂಲಗಿತ್ತಿ. “ಬೆರೆಸೋದಕ್ಕೆ ತಣ್ಣೀರು ಎಲ್ಲಿ, ಅಳಿಯಂದಿರೇ?”

ಅವನು ಕೊಡದ ಕಡೆ ನೋಡಿದ. ಕೊಡ ಬೋರಲು ಬಿದ್ದಿತ್ತು. ಇದ್ದ ನೀರನ್ನೆಲ್ಲ ಹಂಡೆಗೆ ಸುರಿದಿದ್ದ.

“ಅದು ಹೊಳೀಲಿಲ್ಲ, ಅತ್ತೆ.”

ಸೂಲಗಿತ್ತಿ ಕಣ್ಣು ಮುಚ್ಚಿ ತೆರೆದಳು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಕೊಡ ಎತ್ತಿಕೊಂಡು, ಬರಿಗಾಲಲ್ಲಿ, ಊರ ತುದಿಯ ಬಾವಿಯ ಕಡೆಗೆ ಓಡಿದ್ದ. ಯಾವ ದಾರಿ ಹತ್ತಿರ ಎಂದು ನಿಂತು ನೋಡಲಿಲ್ಲ. ಓಣಿಯಲ್ಲಿ ಕೊಡ ಗೋಡೆಗೆ ತಾಗಿದ ಸದ್ದು, ಅವನು ಬಿದ್ದು ಎದ್ದು ಮತ್ತೆ ಓಡಿದ ಸದ್ದು ಕೇಳಿಸಿತು.

ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಬಚ್ಚಲ ಕಟ್ಟೆಯ ಮೇಲೆ ಕೂತಳು. ಕೂಸು ಕೈಕಾಲು ಬಡಿದು ಅಳುತ್ತಿತ್ತು.

“ತಡಿ ನನ್ನವ್ವ,” ಎಂದಳು. “ನಿಮ್ಮಪ್ಪ ನೀರಿಗೆ ಹೋಗಿದ್ದಾರೆ. ಬಂದೇ ಬರ್ತಾರೆ. ಎಷ್ಟು ಹೊತ್ತಿಗೆ ಅಂತ ಮಾತ್ರ ನನ್ನ ಕೇಳಬೇಡ.”